ಮೇಣದಕ್ಕನ ಕಂಪ್ಯೂಟರಿನಲ್ಲಿ ಅಣ್ಣನ ಮುಖ

ನಮ್ಮ ಅಂಗಡಿಯಲ್ಲಿ ಕಟ್ಟುಹಲ್ಲು ತಯಾರಾಗುತ್ತದೆ. ಊರಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಕಲಸಿ ಹೊಯ್ಯುವುದು ನನ್ನ ಕೆಲಸ. ಅದಕ್ಕೇ ಎಲ್ಲರೂ ನನ್ನನ್ನು ಗಾರೆ ಅನ್ನುತ್ತಾರೆ. ಒಣಗಿದ ಮೇಲೆ ಅಚ್ಚು ಬಿಡಿಸಿದರೆ ಹಲ್ಲಿಲ್ಲದ ಬಿಳಿ ದವಡೆ ಸಿಗುತ್ತದೆ. ಅದರ ಮೇಲೆ ಕೆಂಪು ಮೇಣ ಕಟ್ಟಿ, ದೀಪದಲ್ಲಿ ಕಾಯಿಸಿದ ಚಾಕುವಿನಿಂದ ಒಂದೊಂದೇ ಹಲ್ಲು ಕೂರಿಸುವವಳು ಮೇಣದಕ್ಕ. ಇದು ಅವಳ ಕಥೆ.

ಅವಳ ಹಾಗೆ ಹಲ್ಲು ಕೂರಿಸುವವರನ್ನು ನಾನು ಕಂಡಿಲ್ಲ. ಅವಳು ಮೊದಲು ರೋಗಿಯ ಹಳೆಯ ಫೋಟೋ ಕೇಳುತ್ತಾಳೆ. ನಗುತ್ತಿರುವ ಫೋಟೋನೇ ಆಗಬೇಕು. ಭೂತಗನ್ನಡಿಯಲ್ಲಿ ನೋಡಿ, ಆಗ ಯಾವ ಹಲ್ಲು ಸೊಟ್ಟಗಿತ್ತೋ ಈಗಲೂ ಅದನ್ನು ಅಷ್ಟೇ ಸೊಟ್ಟಗೆ ಕೂರಿಸುತ್ತಾಳೆ. "ಎಲ್ಲಾ ನೆಟ್ಟಗೆ ನಿಂತ್ರೆ ಅದು ಹಲ್ಲಲ್ಲ ಗಾರೆ, ಬೇಲಿ" ಅನ್ನುತ್ತಾಳೆ. ಒಮ್ಮೆ ಒಬ್ಬಳು ಮುದುಕಿ ಹೊಸ ಹಲ್ಲು ಹಾಕಿಕೊಂಡು ತೋರಿಸಲು ಬಂದಿದ್ದಳು. ಜೊತೆಗೆ ಬಂದ ಗಂಡ ಅವಳ ಬಾಯನ್ನೇ ನೋಡುತ್ತ ನಿಂತ. ಆಮೇಲೆ, "ಅಯ್ಯೋ, ಅದೇ ಬಾಯಿ ವಾಪಸ್ ಬಂತಲ್ಲಪ್ಪಾ, ಇನ್ನು ನನ್ನ ಗತಿ?" ಅಂದ. ಮೇಣದಕ್ಕ ಆವತ್ತು ದಿನವಿಡೀ ನಕ್ಕಳು.

ಅಂಗಡಿ ಅವಳ ಅಣ್ಣನದು. ನಾವೂ ಅವರನ್ನು ಅಣ್ಣ ಅಂತಲೇ ಕರೆಯುತ್ತೇವೆ. ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು, ಅಣ್ಣನಿಗೆ ಹತ್ತೊಂಬತ್ತು. ತಂದೆ ಅದಕ್ಕೂ ಮುಂಚೆಯೇ ಹೋಗಿದ್ದರು. ಅವಳ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವರು ಅಣ್ಣನೇ. ಹಲ್ಲಿನ ಕೆಲಸ ಕಲಿಸಿದವರೂ ಅವರೇ. ಅವರೂ ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ. ಈಗ ಅವಳಿಗೆ ಮೂವತ್ತೆಂಟು. ಅಣ್ಣ ಅವಳ ಮೇಲೆ ಒಂದು ದಿನವೂ ಕೈ ಎತ್ತಿಲ್ಲ, ಗದರಿದ್ದೂ ಕಡಿಮೆ.

ಮನೆ ಅಂಗಡಿಯ ಮೇಲೇ ಇದೆ. ಮೆಟ್ಟಿಲು ಅಂಗಡಿಯ ಒಳಗಿನಿಂದ. ಬಾಗಿಲು ಒಂದೇ. ಬಾಗಿಲ ಪಕ್ಕದಲ್ಲಿ ಅಣ್ಣನ ಮೇಜು. ಹೊರಗೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು. "ಎಲ್ಲಿಗೆ ಪುಟ್ಟಿ?" ಅಂತ ಅಣ್ಣ ಮೆತ್ತಗೆ ಕೇಳುತ್ತಾರೆ. ಅವಳು ಹೇಳುತ್ತಾಳೆ. "ನಾನೇ ತಂದುಕೊಡ್ತೀನಿ ಬಿಡು" ಅನ್ನುತ್ತಾರೆ. ಅವಳು ತಿರುಗಿ ಬಂದು ಕೂರುತ್ತಾಳೆ. ಹದಿನಾಲ್ಕು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತು ನಾನು ಇದನ್ನು ನೋಡಿದ್ದೇನೆ. ನನಗೆ ಅದು ಪ್ರೀತಿ ಅಂತಲೇ ಕಾಣುತ್ತಿತ್ತು.

ಒಂದು ದಿನ ಅವಳು ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಅಂದಳು, "ಗಾರೆ, ದೊಡ್ಡಾಸ್ಪತ್ರೇಲಿ ಕಿವಿ ಮಾಡ್ತಾರಂತೆ."

"ಏನು ಕಿವಿ?"

"ಕಾಯಿಲೇಲಿ ಕಿವಿ ಹೋದೋರಿಗೆ, ಮೂಗು ಹೋದೋರಿಗೆ. ಮೊದಲು ಮೇಣದಲ್ಲೇ ಮಾಡೋದು. ಚರ್ಮದ ಸುಕ್ಕು ಸಮೇತ. ಅಲ್ಲೊಂದು ಜಾಗ ಖಾಲಿ ಇದೆ. ಮೂರು ಗಂಟೇಲಿ ಒಂದು ಕಿವಿ ಮಾಡಿ ತೋರಿಸ್ಬೇಕು, ಅದೇ ಪರೀಕ್ಷೆ."

"ಹೋಗ್ತೀಯಾ ಅಕ್ಕ?"

"ಯಾರಿಗೂ ಹೇಳ್ಬೇಡ."

ಆವತ್ತಿನಿಂದ ಅವಳ ಕಣ್ಣು ಎಲ್ಲರ ಕಿವಿಯ ಮೇಲೆ. ನನ್ನ ಕಿವಿಯನ್ನೂ ಹಿಡಿದು ತಿರುಗಿಸಿ ನೋಡಿದಳು. "ನಿಂದು ಚೆನ್ನಾಗಿಲ್ಲ, ಆದ್ರೆ ಕಷ್ಟದ ಕಿವಿ, ಅಭ್ಯಾಸಕ್ಕೆ ಒಳ್ಳೇದು" ಅಂದಳು. ಸಂಜೆ ಕೋಣೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಕಿವಿಯ ಚಿತ್ರ ನೋಡುತ್ತಿದ್ದಳು. ಆ ಲ್ಯಾಪ್‌ಟಾಪು ಮೊದಲು ಅಂಗಡಿಯದು. ಅಂಗಡಿಗೆ ಹೊಸದು ಬಂದಾಗ ಅಣ್ಣ ಹಳೆಯದನ್ನು ಅವಳಿಗೆ ಕೊಟ್ಟಿದ್ದರು. "ಎಲ್ಲಾ ರೆಡಿ ಇದೆ, ತೆರೆದು ನೋಡೋದಷ್ಟೇ" ಅಂದಿದ್ದರು. ಅವಳ ಬಳಿ ಇರುವ ಫೋನು ಗುಂಡಿ ಒತ್ತುವಂಥದು, ಮಾತಿಗೆ ಮಾತ್ರ.

ಅರ್ಜಿಯ ಪುಟ ತೆರೆದು ಅವಳು ಅರ್ಧ ತುಂಬಿದಳು. ಮಾರನೇ ದಿನ ಬೆಳಿಗ್ಗೆ ಅಣ್ಣ ಚಹಾ ಲೋಟ ಹಿಡಿದು, ಯಾರನ್ನೂ ನೋಡದೆ ಅಂದರು, "ಈ ಮೂಗು ಕಿವಿ ಮಾಡೋ ಕೆಲಸ ಎಲ್ಲಾ ನಮಗ್ಯಾಕೆ? ಅಲ್ಲಿಗೆ ಹೋದೋರು ಯಾರೂ ಉದ್ಧಾರ ಆಗಿಲ್ಲ. ದಿನಾ ಅಂಥಾ ಮುಖ ನೋಡ್ತಾ ಇದ್ರೆ ನಿದ್ದೆ ಬರುತ್ತಾ?"

ಮೇಣದಕ್ಕನ ಚಾಕು ಅಲ್ಲೇ ನಿಂತಿತು. ಅವಳು ಅಣ್ಣನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಅಣ್ಣ ಅಚ್ಚು ತರಲು ಹೊರಗೆ ಹೋದ ಮೇಲೆ, "ನಿನ್ನ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ ಅಲ್ವಾ?" ಅಂದಳು.

"ನಾನು ಹೇಳಿಲ್ಲ ಅಕ್ಕ."

"ಮತ್ತೆ ಗೋಡೆ ಹೇಳ್ತಾ?"

ಅರ್ಜಿ ಅರ್ಧಕ್ಕೇ ನಿಂತಿತು. ತಾರೀಖು ದಾಟಿಹೋಯಿತು. ಅವಳು ನನ್ನ ಜೊತೆ ಮಾತು ಬಿಟ್ಟಳು. ದವಡೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ. ನಾಲ್ಕು ತಿಂಗಳು ಹಾಗೇ ಕಳೆಯಿತು. ಮಾಡದ ತಪ್ಪಿಗೆ ಏನು ಹೇಳುವುದು? ನಾನು ಪ್ಲಾಸ್ಟರ್ ಕಲಸುತ್ತಾ ಇದ್ದೆ.

ಆಮೇಲೆ ಒಂದು ಮಧ್ಯಾಹ್ನ ಅಣ್ಣನ ಮೇಜಿನ ಮೇಲಿರುವ ಅಂಗಡಿಯ ಕಂಪ್ಯೂಟರಿನ ಕ್ಯಾಮೆರಾ ಕೆಲಸ ಮಾಡಲಿಲ್ಲ. ದವಡೆಯ ಚಿತ್ರವನ್ನು ನಾವು ಡಾಕ್ಟರುಗಳ ಪುಟಕ್ಕೆ ಅದರಿಂದಲೇ ಕಳಿಸುವುದು. ಅಣ್ಣ ಹೊರಗಿದ್ದರು. ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದಾಳೆ. ಅವಳಿಗೆ ಫೋನು ಮಾಡಿದೆ.

"ಭಾವ, ಕ್ಯಾಮೆರಾ ಬಿಡ್ಲಾ ಅಂತ ಕಂಪ್ಯೂಟರ್ ಕೇಳಿದಾಗ ಯಾರೋ ಬೇಡ ಅಂತ ಒತ್ತಿದ್ದಾರೆ. ನೀವೇ ಇರ್ಬೇಕು" ಅಂದಳು.

"ನಾನಲ್ಲ."

"ಕಳ್ಳರೆಲ್ಲಾ ಹಾಗೇ ಹೇಳೋದು. ಮೇಲೆ ಪುಟದ ವಿಳಾಸ ಇದೆಯಲ್ಲ, ಅದರ ಎಡಗಡೆ ಒಂದು ಚಿಕ್ಕ ಗುರುತಿದೆ. ಒತ್ತಿ."

ಒತ್ತಿದೆ. ಒಂದು ಪಟ್ಟಿ ಬಿಚ್ಚಿಕೊಂಡಿತು. ಕ್ಯಾಮೆರಾ, ಮೈಕು, ನಾವಿರುವ ಜಾಗ, ಹೀಗೆ ಒಂದೊಂದಕ್ಕೂ ಈ ಪುಟಕ್ಕೆ ಬಿಡಬೇಕೋ ಬೇಡವೋ ಅಂತ ಒಂದೊಂದು ಗುಂಡಿ. ಹದಿನಾಲ್ಕು ವರ್ಷದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕ್ಯಾಮೆರಾ ಬಿಟ್ಟೆ, ಚಿತ್ರ ಬಂತು.

"ಇಂಥವು ಇನ್ನೂ ಎಷ್ಟಿವೆ?" ಅಂತ ಕೇಳಿದೆ.

"ಬೇಕಾದಷ್ಟಿವೆ. ಯಾರೂ ನೋಡಲ್ಲ, ಅಷ್ಟೇ. ಬಲಗಡೆ ಮೂಲೇಲಿ ದುಂಡಗೆ ಒಂದು ಮುಖ ಕಾಣುತ್ತಾ? ಅದು ಯಾರ ಹೆಸರಲ್ಲಿ ಒಳಗೆ ಬಂದಿದ್ದೀರಿ ಅಂತ. ಅದೇ ಹೆಸರು ಬೇರೆ ಕಂಪ್ಯೂಟರಲ್ಲೂ ಇದ್ರೆ, ಅಲ್ಲಿ ನೋಡಿದ್ದು ಇಲ್ಲಿ ಬರುತ್ತೆ, ಇಲ್ಲಿ ನೋಡಿದ್ದು ಅಲ್ಲಿ ಹೋಗುತ್ತೆ."

ದುಂಡಗಿದ್ದದ್ದು ಅಣ್ಣನ ಫೋಟೋ. ಅದು ಸರಿಯೇ, ಅಂಗಡಿ ಅವರದು. ನಾದಿನಿ ಹೇಳಿದ ಕಡೆ ಒತ್ತಿದೆ. ನೋಡಿದ ಪುಟಗಳ ಪಟ್ಟಿ ಬಂತು. ಹಲ್ಲಿನ ಬಣ್ಣದ ಕಾರ್ಡು, ಡಾಕ್ಟರುಗಳ ಪುಟ. ಅದರ ಕೆಳಗೆ, ಹಿಂದಿನ ಸಂಜೆ ನೋಡಿದ್ದು: ಕಿವಿಯ ಚಿತ್ರ. ಆಸ್ಪತ್ರೆಗೆ ಹೋಗುವ ಬಸ್ಸಿನ ಹೊತ್ತು. ಒಬ್ಬಳೇ ಇರುವ ಹೆಂಗಸಿಗೆ ಬಾಡಿಗೆ ಕೋಣೆ. ಇನ್ನೂ ಕೆಳಗೆ, ಮೂವತ್ತೆಂಟಕ್ಕೆ ಮಗು ಆಗುತ್ತದಾ ಅಂತ.

ತಟ್ಟನೆ ಮುಚ್ಚಿದೆ. ಬೇರೆಯವರ ಪೆಟ್ಟಿಗೆಗೆ ಕೈ ಹಾಕಿದ ಹಾಗಾಯಿತು. ಅಣ್ಣ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಈ ಪರದೆಯ ಮುಂದೆ ಅರ್ಧ ಗಂಟೆ ಕೂರುತ್ತಾರೆ. ಅವರು ಪೇಪರ್ ಓದುತ್ತಾರೆ ಅಂತ ನಾನು ತಿಳಿದಿದ್ದೆ.

ಮೇಣದಕ್ಕ ತನ್ನ ಮೇಜಿನಲ್ಲಿ ಕೂತಿದ್ದಳು.

"ಅಕ್ಕ, ಮಾತಾಡದಿದ್ರೂ ಪರವಾಗಿಲ್ಲ. ನಿನ್ನ ಲ್ಯಾಪ್‌ಟಾಪಲ್ಲಿ ಮೇಲೆ ಬಲಗಡೆ ಮೂಲೇಲಿ ದುಂಡಗೆ ಏನಿದೆ ನೋಡು."

ಅವಳು ಎದ್ದು ಮೇಲೆ ಹೋದಳು. ಕೆಳಗೆ ಬಂದಾಗ ಮುಖ ನನ್ನ ಪ್ಲಾಸ್ಟರಿನ ಹಾಗಿತ್ತು.

"ಅಣ್ಣನ ಮುಖ ಇದೆ" ಅಂದಳು. "ಮೊದಲ ದಿನದಿಂದ ಅಲ್ಲೇ ಇತ್ತು ಗಾರೆ. ಅಣ್ಣ ಕೊಟ್ಟದ್ದಲ್ವಾ, ಅದಕ್ಕೇ ಅಣ್ಣನ ಫೋಟೋ ಅಂತ ಸುಮ್ನಿದ್ದೆ." ಕುರ್ಚಿಯಲ್ಲಿ ಕೂತು, "ಎಲ್ಲಾನೂ ಕಾಣುತ್ತಾ?" ಅಂದಳು.

"ಕಾಣುತ್ತೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿನ್ನನ್ನ ಸುಮ್ನೆ ಬೈದೆ."

"ಅದು ಬಿಡು. ತೆಗೆದುಹಾಕೋಣ. ಒಂದು ಗುಂಡಿ ಒತ್ತಿದ್ರೆ ಸಾಕಂತೆ."

"ತೆಗೆದ್ರೆ?" ಅವಳು ನನ್ನನ್ನು ದಿಟ್ಟಿಸಿದಳು. "ನಾಳೆ ಬೆಳಿಗ್ಗೆ ಅಣ್ಣನಿಗೆ ಏನೂ ಕಾಣಲ್ಲ. 'ಪುಟ್ಟಿ, ಲ್ಯಾಪ್‌ಟಾಪು ಕೆಟ್ಟಿದೆಯಾ, ಕೊಡು ಸರಿ ಮಾಡಿಸ್ತೀನಿ' ಅಂತಾನೆ. ಏನು ಹೇಳ್ಲಿ?"

ಬೀಗ ತೆಗೆಯುವ ಗುಂಡಿ ಅವಳ ಕೈಯಲ್ಲೇ ಇತ್ತು, ಒತ್ತುವ ಹಾಗಿರಲಿಲ್ಲ.

ದಾರಿ ತೋರಿಸಿದವಳು ನನ್ನ ನಾದಿನಿ. ಅದೇ ದುಂಡು ಮುಖವನ್ನು ಒತ್ತಿದರೆ ಕೆಳಗೆ ಅತಿಥಿ ಅಂತ ಒಂದು ಸಾಲಿದೆ. ಅದನ್ನು ತೆರೆದರೆ ಬೇರೆ ಕಿಟಕಿ. ಅದರಲ್ಲಿ ನೋಡಿದ್ದು ಮುಚ್ಚಿದ ಕೂಡಲೇ ಹೋಗುತ್ತದೆ, ಅಣ್ಣನ ಪಟ್ಟಿಗೆ ಸೇರುವುದಿಲ್ಲ. "ನಿಮ್ಮ ಮನೇಲಿ ನೀವೇ ನೆಂಟರಾಗಿ ಅಕ್ಕ" ಅಂದಳು ನಾದಿನಿ ಫೋನಿನಲ್ಲಿ. ಅವಳಿಗೆ ಅದು ತಮಾಷೆ. ಮೇಣದಕ್ಕ ನಗಲಿಲ್ಲ.

ಆಸ್ಪತ್ರೆಯವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಇಡುತ್ತಿದ್ದರು. ಈ ಸಲ ಅವಳು ಅತಿಥಿಯ ಕಿಟಕಿಯಲ್ಲಿ ಅರ್ಜಿ ಪೂರ್ತಿ ತುಂಬಿದಳು. ಪರೀಕ್ಷೆಯ ಚೀಟಿಯನ್ನು ನಾದಿನಿಯ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದು ನನ್ನ ಪ್ಲಾಸ್ಟರ್ ಡಬ್ಬದ ಹಿಂದೆ ಇಟ್ಟೆ.

ಆದರೆ ಮೊದಲಿನ ಕಿಟಕಿ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಅಣ್ಣನಿಗೆ ಅನುಮಾನ. ಹಾಗಾಗಿ ಅವಳು ದಿನಾ ಸಂಜೆ ಅದರಲ್ಲೂ ಕೂರಬೇಕಾಯಿತು. ಸ್ವೆಟರ್ ಹೆಣೆಯುವುದು ಹೇಗೆ, ಗಿಡಕ್ಕೆ ಹುಳ ಬಿದ್ದರೆ ಏನು ಮಾಡಬೇಕು, ಇಂಥವನ್ನು ಹುಡುಕುತ್ತಿದ್ದಳು. "ಹಸುಗೆ ಹುಲ್ಲು ಹಾಕಿದ ಹಾಗೆ ದಿನಾ ಹಾಕ್ಬೇಕು ಗಾರೆ. ಅರ್ಧ ಗಂಟೆ ನಾನಲ್ಲದವಳಾಗಿ ಕೂತಿರ್ತೀನಿ" ಅಂದಳು. ಅಣ್ಣ ಬೆಳಿಗ್ಗೆ ಓದಿ ಸಮಾಧಾನದಿಂದ ಇರುತ್ತಿದ್ದರು. ಒಂದು ದಿನ ಉಣ್ಣೆಯ ಉಂಡೆ ತಂದುಕೊಟ್ಟರು. ಅವಳು ಹೆಣೆಯಲೇಬೇಕಾಯಿತು. ಅವಳಿಗೆ ಹೆಣಿಗೆ ಬರುವುದಿಲ್ಲ, ಇಷ್ಟವೂ ಇಲ್ಲ.

ಒಂದು ಸಂಜೆ ಏನೂ ತೋಚದೆ ಮಂಡಿ ನೋವಿಗೆ ಮದ್ದು ಏನು ಅಂತ ಹುಡುಕಿಬಿಟ್ಟಳು. ಅದೇ ಅವಳು ಮಾಡಿದ ತಪ್ಪು.

ಮರುದಿನ ಅಣ್ಣ ನೋವಿನ ಎಣ್ಣೆ ತಂದರು. ಆಮೇಲೆ ಅವಳ ಕುರ್ಚಿಗೆ ಮೆತ್ತೆ ಬಂತು. ಅಚ್ಚಿನ ಪೆಟ್ಟಿಗೆ ಎತ್ತಬೇಡ ಅಂದರು. "ಮೆಟ್ಟಿಲು ಕಮ್ಮಿ ಹತ್ತು ಪುಟ್ಟಿ" ಅಂತ ಊಟವನ್ನು ತಾವೇ ಕೆಳಗೆ ತಂದರು. ಮಂಡಿ ನೋವು ಅಂತ ಅವಳು ಬಾಯಿಬಿಟ್ಟು ಹೇಳಿಲ್ಲ, ಹೇಗೆ ತಿಳಿಯಿತು ಅಂತ ಅವರೂ ಹೇಳುವುದಿಲ್ಲ. ಅನುಮಾನ ಬಾರದಿರಲಿ ಅಂತ ಅವಳು ಸ್ವಲ್ಪ ಕುಂಟಲು ಶುರು ಮಾಡಿದಳು.

"ನನಗೆ ಕೆಟ್ಟದ್ದು ಬಯಸೋನಾಗಿದ್ರೆ ಸುಲಭ ಇತ್ತು. ಎಣ್ಣೆ ತಂದ್ಕೊಡ್ತಾನೆ ನೋಡು. ಬೈಯೋಕೂ ಆಗಲ್ಲ" ಅಂದಳು.

ಪರೀಕ್ಷೆ ಒಂದು ಸೋಮವಾರ, ಹತ್ತು ಗಂಟೆಗೆ. ಅವಳು ಒಂಬತ್ತಕ್ಕೆ ಹೊರಡಬೇಕು. ಕೇಳಿದರೆ ಕನ್ನಡಕ ರಿಪೇರಿಗೆ ಅಂತ ಹೇಳುವುದು ಅಂತ ಮಾಡಿಕೊಂಡಿದ್ದೆವು. ಎಂಟೂವರೆಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲು ಇಳಿದರು. ಹೊರಗೆ ಬಾಡಿಗೆ ಕಾರು ನಿಂತಿತ್ತು.

"ನಡಿ ಪುಟ್ಟಿ. ಮೂಳೆ ಡಾಕ್ಟರು ಒಂಬತ್ತೂವರೆಗೆ ಬರೋಕೆ ಹೇಳಿದ್ದಾರೆ. ಒಂದು ತಿಂಗಳಿಂದ ಕೇಳ್ಕೊಂಡು ಸಿಕ್ಕಿರೋದು."

"ಇವತ್ತು ಬೇಡ ಅಣ್ಣ."

"ಎಷ್ಟು ದಿನ ಬಚ್ಚಿಡ್ತೀಯ? ನೋವಿದೆ ಅಂತ ನಂಗೊತ್ತು."

"ಹೇಗೆ ಗೊತ್ತು?"

ಅಣ್ಣ ತಡವರಿಸಿದರು. "ನೀನು ನಡೆಯೋದು ನೋಡಿದ್ರೆ ಗೊತ್ತಾಗಲ್ವಾ?"

ಮೇಣದಕ್ಕ ಚಾಕು ಕೆಳಗಿಟ್ಟಳು. ದೀಪ ಆರಿಸಿದಳು. ಎದ್ದು ಅಣ್ಣನ ಮೇಜಿಗೆ ಹೋದಳು, ಕುಂಟದೆ. ಮೌಸ್ ಹಿಡಿದು ಮೂಲೆಯ ದುಂಡು ಮುಖವನ್ನು ಒತ್ತಿದಳು, ಪಟ್ಟಿ ತೆರೆದಳು. ಅವಳ ಸಂಜೆಗಳೆಲ್ಲ ಸಾಲಾಗಿ ಬಂದವು. ಸ್ವೆಟರು, ಗಿಡದ ಹುಳ, ಮಂಡಿ ನೋವು.

"ನನಗೆ ಮಂಡಿ ನೋವಿಲ್ಲ ಅಣ್ಣ. ನೀನು ಓದ್ಲಿ ಅಂತ ಬರೆದಿದ್ದು."

ಅಣ್ಣ ಕುರ್ಚಿಯ ಮೇಲೆ ಕೂತರು. "ಎಷ್ಟು ದಿನದಿಂದ?"

"ಯಾವುದು? ನೀನು ಓದ್ತಿರೋದಾ, ನಾನು ಬರೀತಿರೋದಾ?"

ನಾನು ಪ್ಲಾಸ್ಟರಿನ ಬಟ್ಟಲು ಹಿಡಿದು ನಿಂತಿದ್ದೆ. ಹೊರಗೆ ಹೋಗಬೇಕಿತ್ತು. ಅದಕ್ಕೂ ಅದೇ ಬಾಗಿಲು, ಅದೇ ಮೇಜು.

"ಬಾಗಿಲು ತೆರೆದ ಮನೇಲಿ ಬೆಳೆದೋರು ನಾವು. ನಿನ್ನದು ಬೇರೆ, ನನ್ನದು ಬೇರೆ ಅಂತ ಇದೆಯಾ ಪುಟ್ಟಿ?" ಅಂದರು ಅಣ್ಣ. "ನಿನ್ನ ತಲೆ ಬಾಚಿದ ಕೈ ಇದು."

"ಬಾಚಿದೆ. ಅದನ್ನ ನಾನು ಮರೆತಿಲ್ಲ. ಆದ್ರೆ ತಲೆ ಒಳಗೂ ಕೈ ಹಾಕಿದೆ."

ಅಣ್ಣ ಅಳಲು ಶುರು ಮಾಡಿದರು. ಸದ್ದಿಲ್ಲದ ಅಳು, ಭುಜ ಮಾತ್ರ ಕುಲುಕುತ್ತಿತ್ತು. ಅವರು ಅವಳನ್ನು ಹಿಡಿಯಲಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂಬತ್ತಾಯಿತು. ಒಂಬತ್ತೂಕಾಲಾಯಿತು. ಕಾರಿನವನು ಎರಡು ಸಲ ಹಾರನ್ ಹಾಕಿದ. ಅವಳು ಚೀಟಿ ಹಿಡಿದು ಬಾಗಿಲ ತನಕ ಹೋಗುತ್ತಾಳೆ, ತಿರುಗಿ ನೋಡುತ್ತಾಳೆ, ನಿಲ್ಲುತ್ತಾಳೆ.

"ಹೋಗು ಅಕ್ಕ, ನಾನಿದ್ದೀನಿ" ಅಂದೆ.

"ಅಣ್ಣ ಅತ್ತಿದ್ದನ್ನ ನಾನು ನೋಡೇ ಇಲ್ಲ ಗಾರೆ. ಅಮ್ಮ ಹೋದಾಗ್ಲೂ ಅತ್ತಿರಲಿಲ್ಲ" ಅಂದಳು. ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು. ಅವರು ಕುಡಿಯುವ ತನಕ ನಿಂತಳು. ಹೊರಟಾಗ ಹತ್ತಕ್ಕೆ ಹತ್ತು ನಿಮಿಷ.

ಹನ್ನೆರಡರ ಹೊತ್ತಿಗೆ ವಾಪಸ್ ಬಂದಳು. ಅವಳು ತಲುಪುವಾಗ ಅರ್ಧ ಗಂಟೆ ತಡವಾಗಿತ್ತು. ಕೋಣೆಯ ಬಾಗಿಲು ಹಾಕಿದ್ದರು. ಕಾವಲಿನವನು, "ಆರು ತಿಂಗಳು ಬಿಟ್ಟು ಬಾಮ್ಮ" ಅಂದನಂತೆ. ಬಾಗಿಲಿನ ಗಾಜಿನಲ್ಲಿ ನೋಡಿದಳಂತೆ, ಏಳು ಜನ ಕೂತು ಮೇಣ ಕಾಯಿಸುತ್ತಿದ್ದರು. ಅವಳು ಸ್ವಲ್ಪ ಹೊತ್ತು ನೋಡಿ ಬಂದಳು. ಬೇರೆಲ್ಲಿಗೆ ಹೋಗುತ್ತಾಳೆ? ಕುರ್ಚಿಯ ಮೆತ್ತೆ ತೆಗೆದು ಪಕ್ಕಕ್ಕಿಟ್ಟು, ದೀಪ ಹಚ್ಚಿ, ಬೆಳಿಗ್ಗೆ ಬಿಟ್ಟ ದವಡೆಗೆ ಕೋರೆಹಲ್ಲು ಕೂರಿಸಿದಳು. ಅಣ್ಣ "ಊಟ ಮಾಡು" ಅಂದರು. ಮಾಡಿದಳು.

ಸಂಜೆ ಅವಳು ಲ್ಯಾಪ್‌ಟಾಪನ್ನು ಕೆಳಗೆ ತಂದು ಅಣ್ಣನ ಮೇಜಿನ ಮೇಲೆ, ಅವರ ಎದುರಿಗೇ ತೆರೆದಳು. ದುಂಡು ಮುಖ ಒತ್ತಿ ಅಣ್ಣನ ಹೆಸರನ್ನು ತೆಗೆಯುವ ಸಾಲಿಗೆ ಬಂದಳು. ಖಚಿತವೇ ಅಂತ ಅದು ಕೇಳಿತು. ಅವಳು ಅಣ್ಣನನ್ನು ನೋಡಿದಳು. ಅಣ್ಣ ಪರದೆಯನ್ನು ನೋಡುತ್ತಿದ್ದರು. ಅವಳು ಒತ್ತಿದಳು. ಅವರ ಮುಖ ಹೋಗಿ ಅಲ್ಲಿ ಬೂದು ಬಣ್ಣದ ಬರಿ ತಲೆಯೊಂದು ಉಳಿಯಿತು.

"ಇದರಲ್ಲಿರೋದನ್ನೂ ಅಳಿಸು ಗಾರೆ" ಅಂದರು ಅಣ್ಣ, ಅಂಗಡಿಯ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ. "ಅವಳದ್ದು ಎಲ್ಲಾ." ನಾದಿನಿಗೆ ಫೋನು ಮಾಡಿ ಕೇಳಿಕೊಂಡು ಅಳಿಸಿದೆ.

ಆಮೇಲಿನ ಆರು ತಿಂಗಳು ಸುಲಭದ್ದೇನೂ ಅಲ್ಲ. ಬಾಗಿಲು ಅದೇ ಒಂದು, ಮೇಜು ಅದೇ ಜಾಗದಲ್ಲಿ. ಅಣ್ಣ "ಎಲ್ಲಿಗೆ?" ಅಂತ ಕೇಳುವುದನ್ನು ಬಿಟ್ಟರು, ಆದರೆ ಅವಳು ದಾಟುವಾಗ ಪೆನ್ನು ನಿಲ್ಲಿಸುತ್ತಿದ್ದರು. ಅವಳಿಗೂ ಗುಂಡಿ ಒತ್ತಿದ್ದು ಸಾಕಾಗಲಿಲ್ಲ. ದಿನಕ್ಕೆ ಎರಡು ಸಲ ಮೂಲೆ ನೋಡುತ್ತಿದ್ದಳು, ಮುಖ ತಿರುಗಿ ಬಂದಿದೆಯಾ ಅಂತ. ಏನಾದರೂ ಹುಡುಕಲು ಕೂತರೆ ಕೈ ತಡೆಯುತ್ತದೆ ಅನ್ನುತ್ತಿದ್ದಳು. "ಯಾರೂ ಓದಲ್ಲ ಅಂತ ಗೊತ್ತು. ಆದ್ರೂ ಯಾರೋ ಓದ್ತಾರೆ ಅಂತಲೇ ಬರೀತೀನಿ."

ಹೋದ ವಾರ ಅಣ್ಣ ನನ್ನ ಪಕ್ಕ ಬಂದು ನಿಂತರು. ಮೇಣದಕ್ಕ ಒಂದು ಮಾರು ದೂರದಲ್ಲಿ ಕೂತಿದ್ದಳು.

"ಗಾರೆ, ಆ ಪರೀಕ್ಷೆ ಮತ್ತೆ ಯಾವಾಗಂತೆ? ಅವಳೇನಾದ್ರೂ ಹೇಳಿದ್ಲಾ?"

"ಅವಳನ್ನೇ ಕೇಳಿ ಅಣ್ಣ."

ಕೇಳದೇನೇ ತಿಳಿದುಕೊಂಡು ಅಭ್ಯಾಸವಾದವರಿಗೆ ಕೇಳುವುದು ಕಷ್ಟ. ಕೊನೆಗೆ ಅವಳ ಮೇಜಿನ ಹತ್ತಿರ ಹೋದರು.

"ಪುಟ್ಟಿ, ಯಾವತ್ತು ಪರೀಕ್ಷೆ?"

"ಬರೋ ವಾರ, ಗುರುವಾರ."

"ಗುರುವಾರ ಎರಡು ಸೆಟ್ಟು ಹಲ್ಲು ಕೊಡ್ಬೇಕಲ್ಲ."

"ಒಂದನ್ನ ಬುಧವಾರ ಮುಗಿಸಿರ್ತೀನಿ. ಇನ್ನೊಂದು ಆಗಲ್ಲ."

"ಮತ್ತೆ ಅದನ್ನ ಯಾರು ಕೂರಿಸ್ತಾರೆ?"

ಅವಳು ತಲೆ ಎತ್ತಲಿಲ್ಲ. "ನನಗೆ ಕಲಿಸಿದ್ದು ಯಾರು?" ಅಂದಳು.

ಇವತ್ತು ಗುರುವಾರ. ಅವಳು ಎಂಟಕ್ಕೇ ಹೊರಟಳು. ಅಣ್ಣ ತಮ್ಮ ಮೇಜು ಬಿಟ್ಟು ಅವಳ ಕುರ್ಚಿಯಲ್ಲಿ ಕೂತಿದ್ದಾರೆ. ಹನ್ನೆರಡು ವರ್ಷದಿಂದ ಚಾಕು ಹಿಡಿಯದ ಕೈ. ಮೇಣ ಸುರಿದು ಬೆರಳು ಸುಟ್ಟುಕೊಂಡರು. ಹನ್ನೊಂದೂವರೆಯಾಯಿತು, ಇನ್ನೂ ಮೂರನೇ ಹಲ್ಲಿನಲ್ಲಿದ್ದಾರೆ. ನಾನು ಆ ರೋಗಿಯ ನಗುವ ಫೋಟೋ ಎತ್ತಿ ಅವರ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿ, ನೆಟ್ಟಗೆ ಕೂರಿಸಿದ್ದ ಹಲ್ಲನ್ನು ಕಿತ್ತು ಮತ್ತೆ ದೀಪದ ಕಡೆ ಕೈ ಚಾಚಿದರು.